ಪೆಂಫಿಗಸ್: ರೋಗನಿದಾನ ಹಾಗೂ ಚಿಕಿತ್ಸೆಯ ಇತಿಹಾಸ

ದೇಹವನ್ನು ಕಾಪಾಡಬೇಕಾದ ರೋಗನಿರೋಧಕ ಶಕ್ತಿಯೇ ಚರ್ಮದ ಮೇಲ್ಪದರದ ಜೀವಕೋಶಗಳನ್ನು ಪರಸ್ಪರ ಬಂಧಿಸಿರುವ ಪ್ರೋಟೀನುಗಳ ವಿರುದ್ಧ ಪ್ರತಿಕಾಯಗಳನ್ನು ಸೃಜಿಸುವುದರಿಂದ ಉಂಟಾಗುವ ವಿರಳವಾದ ಬೊಬ್ಬೆರೋಗ ಪೆಂಫಿಗಸ್. ಗಾರೆ ಉದುರಿದ ಇಟ್ಟಿಗೆಗಳಂತೆ ಕೋಶಗಳು ಬೇರ್ಪಟ್ಟು, ಎಡೆಯಲ್ಲಿ ದ್ರವ ತುಂಬಿ, ಸಡಿಲವಾದ ಬೊಬ್ಬೆಗಳೆದ್ದು ಒಡೆದು ಹಸಿಗಾಯಗಳಾಗುತ್ತವೆ. ಅನೇಕರಲ್ಲಿ ಅದು ಮೊದಲು ಬಾಯಿಯೊಳಗೆ ತಲೆದೋರಿ, ತಿಂಗಳುಗಟ್ಟಲೆ ಸಾಮಾನ್ಯ ಬಾಯಿಹುಣ್ಣೆಂದೇ ಪರಿಗಣಿತವಾಗುವುದು ಶೋಚನೀಯ.

ಹ್ಯಾನೋವರಿನ ವೈದ್ಯ ವಿಖ್‌ಮನ್ 1791ರಲ್ಲಿ ಈ ದೀರ್ಘವ್ಯಾಧಿಯನ್ನು ವರ್ಣಿಸಿದನಾದರೂ, ಬೊಬ್ಬೆಯೇಳುವ ನಾನಾ ರೋಗಗಳು ಬಹುಕಾಲ ಒಂದೇ ಹೆಸರಿನಲ್ಲಿ ಬೆರೆತಿದ್ದವು. ನಿರೋಗಿಯಂತೆ ತೋರುವ ಚರ್ಮವನ್ನು ಬೆರಳಿನಿಂದ ಒತ್ತಿ ಉಜ್ಜಿದರೆ ಮೇಲ್ಪದರ ಜಾರಿ ಕಳಚುವುದೆಂದು 1896ರಲ್ಲಿ ವೈದ್ಯ ನಿಕೋಲ್ಸ್ಕಿ ತೋರಿಸಿದನು. ಯಾವ ಉಪಕರಣವನ್ನೂ ಬೇಡದ ಈ ಲಕ್ಷಣಕ್ಕೆ ಇಂದಿಗೂ ಬೆಲೆಯಿದೆ. ಬೊಬ್ಬೆಯ ತಳವನ್ನು ಕೆರೆದು, ಬಂಧ ಕಳೆದುಕೊಂಡ ದುಂಡು ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸುವ ವಿಧಾನವನ್ನು 1947ರಲ್ಲಿ ಪ್ಯಾರಿಸ್ಸಿನ ತ್ಸಾಂಕ್ ರೂಢಿಗೆ ತಂದನು. ಬೊಬ್ಬೆಯು ಮೇಲ್ಪದರದ ಕೆಳಗೆ ಏಳುವ ಪೆಂಫಿಗಾಯ್ಡ್ ಬೇರೆಯೇ ರೋಗವೆಂದು 1953ರಲ್ಲಿ ವೈದ್ಯ ಲೆವರ್ ವಿಂಗಡಿಸಿದನು. ಕಾರಣ ಮಾತ್ರ ಇನ್ನೂ ಅಜ್ಞಾತವಾಗಿತ್ತು. 1964ರಲ್ಲಿ ಅಮೆರಿಕದ ಬ್ಯೂಟ್ನರ್ ಮತ್ತು ಜೋರ್ಡನ್ ರೋಗಿಗಳ ರಕ್ತರಸದಲ್ಲಿ ಪ್ರತಿಕಾಯಗಳನ್ನು ಕಂಡರು. ಅಂಥ ಪ್ರತಿಕಾಯಗಳನ್ನು ಚುಚ್ಚಿದ ಎಳೆಯ ಇಲಿಗಳಲ್ಲಿ ಬೊಬ್ಬೆಗಳೆದ್ದುದನ್ನು 1982ರಲ್ಲಿ ವರದಿ ಮಾಡಲಾಗಿ, ಅವೇ ಅಪರಾಧಿಗಳೆಂಬುದು ಸಿದ್ಧವಾಯಿತು.

ಸ್ಟೀರಾಯ್ಡುಗಳು ದೊರೆಯುವ ಮುನ್ನ ಈ ರೋಗ ಪ್ರಾಯಶಃ ಮರಣಶಾಸನವಾಗಿತ್ತು. ಗಾಯಗಳಿಂದ ದ್ರವ ಸೋರಿ, ಸೋಂಕು ತಗುಲಿ ಹೆಚ್ಚಿನವರು ಕೆಲವೇ ವರ್ಷಗಳಲ್ಲಿ ಅಸುನೀಗುತ್ತಿದ್ದರು. 1950ರ ದಶಕದಲ್ಲಿ ಕಾರ್ಟಿಸೋನ್ ವರ್ಗದ ಔಷಧಗಳು ಪ್ರಾಣವನ್ನುಳಿಸಿದವಾದರೂ, ನಿತ್ಯವೂ ಅಧಿಕ ಪ್ರಮಾಣದಲ್ಲಿ ಸೇವಿಸಬೇಕಾಗಿ, ಮಧುಮೇಹ, ಮೂಳೆಸವೆತ, ಸೋಂಕುಗಳೆಂಬ ಹೊಸ ಸಂಕಟಗಳನ್ನು ತಂದವು.

ಈ ಇಕ್ಕಟ್ಟಿಗೆ ಭಾರತದಿಂದ ಬಂದ ಪರಿಹಾರವನ್ನು ವಿಶೇಷವಾಗಿ ಸ್ಮರಿಸಬೇಕು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಜೆ. ಎಸ್. ಪಸ್ರೀಚಾ ಅವರು 1980ರ ದಶಕದಲ್ಲಿ ರೂಪಿಸಿದ ಪಲ್ಸ್ ಚಿಕಿತ್ಸೆಯಲ್ಲಿ, 28 ದಿನಗಳಿಗೊಮ್ಮೆ, ಸತತ 3 ದಿನ 100 ಮಿಲಿಗ್ರಾಂ ಡೆಕ್ಸಾಮೆಥಾಸೋನನ್ನೂ, ಅವುಗಳಲ್ಲೊಂದು ದಿನ 500 ಮಿಲಿಗ್ರಾಂ ಸೈಕ್ಲೊಫಾಸ್ಫಮೈಡನ್ನೂ ರಕ್ತನಾಳಕ್ಕೆ ಹನಿಹನಿಯಾಗಿ ಇಳಿಸಿ, ನಡುವಣ ದಿನಗಳಲ್ಲಿ ಎರಡನೆಯದರ 50 ಮಿಲಿಗ್ರಾಂ ಗುಳಿಗೆಯನ್ನು ಕೊಡಲಾಗುತ್ತಿತ್ತು. ನಿತ್ಯದ ಸ್ಟೀರಾಯ್ಡಿನ ಹೊರೆ ಇಳಿದು, ಅನೇಕರು ಕ್ರಮೇಣ ಔಷಧವಿಲ್ಲದೆಯೇ ಆರೋಗ್ಯದಿಂದಿರುವಂತಾಯಿತು. ಆದರೆ ಸೈಕ್ಲೊಫಾಸ್ಫಮೈಡ್ ಸಂತಾನಶಕ್ತಿಗೆ ಹಾನಿಕರವಾದ್ದರಿಂದ, ಮಕ್ಕಳಾಗಬೇಕಿದ್ದ ತರುಣರಿಗೆ ಅದನ್ನು ವರ್ಜಿಸಬೇಕಾಗುತ್ತಿತ್ತು.

ಪ್ರತಿಕಾಯ ತಯಾರಿಸುವ ಕೋಶಗಳ ಮೂಲವನ್ನೇ ಕ್ಷಯಗೊಳಿಸುವ ರಿಟುಕ್ಸಿಮ್ಯಾಬ್ ಎಂಬ ಔಷಧಕ್ಕೆ 2018ರಲ್ಲಿ ಅಮೆರಿಕದಲ್ಲಿ ಈ ರೋಗಕ್ಕಾಗಿ ಅನುಮತಿ ದೊರೆತು, ಅದೀಗ ಪ್ರಮುಖ ಚಿಕಿತ್ಸೆಯಾಗಿದೆ. ಹೀಗೆ ಚಿಕಿತ್ಸೆ ಲಭ್ಯವಿರುವುದರಿಂದ, ವಾರಗಟ್ಟಲೆ ಮಾಯದ ಬಾಯಿಹುಣ್ಣುಳ್ಳವರು ತಡಮಾಡದೆ ಚರ್ಮವೈದ್ಯರಲ್ಲಿಗೆ ಹೋಗಿ, ಅಂಗಾಂಶ ಪರೀಕ್ಷೆಯ ಅಗತ್ಯವನ್ನು ವಿಚಾರಿಸತಕ್ಕದ್ದು.