ಫರಂಗಿಪೇಟೆ: ಒಂದು ಹೆಸರು ಹೊತ್ತ ಭಾರ

ಮಂಗಳೂರಿನಿಂದ ಬಂಟ್ವಾಳದ ಕಡೆಗೆ ಸಾಗುವಾಗ ನೇತ್ರಾವತಿಯ ದಂಡೆಯಲ್ಲಿ ಫರಂಗಿಪೇಟೆ ಎಂಬ ಸಣ್ಣ ಪೇಟೆ ಎದುರಾಗುತ್ತದೆ. ಕೆನರಾದ ಕ್ರೈಸ್ತ ಚರಿತ್ರೆಯನ್ನು ಓದುವವರು ಇಲ್ಲಿ ನಿಲ್ಲದೆ ಮುಂದೆ ಹೋಗಲಾಗದು.

‘ಫರಂಗಿ’ ಎಂಬುದು ‘ಫ್ರಾಂಕ್’ ಎಂಬ ಜನನಾಮದಿಂದ ಹುಟ್ಟಿ, ಅರಬರ ಹಾಗೂ ಪಾರಸಿಕರ ನಾಲಗೆಯ ಮೂಲಕ ನಮ್ಮಲ್ಲಿಗೆ ಬಂದ ಶಬ್ದ. ಪಶ್ಚಿಮದ ಕ್ರೈಸ್ತರಿಗೆಲ್ಲ ಸಂದ ಆ ಹೆಸರು ಇಲ್ಲಿ ಪೋರ್ಚುಗೀಸರಿಗೆ, ಬಳಿಕ ಅವರ ಮತದವರಿಗೆ ಅಂಟಿಕೊಂಡಿತು. ಆದರೆ ಪೇಟೆಯಲ್ಲಿದ್ದವರು ಯಾರು? 1801ರಲ್ಲಿ ಈ ದಾರಿಯಾಗಿ ಬಂದ ಫ್ರಾನ್ಸಿಸ್ ಬುಕಾನನ್ ಇದನ್ನು ಅರ್ಕುಳವೆಂದೂ ಕರೆದು, ಇಕ್ಕೇರಿಯ ಅರಸರು ಕರೆಸಿಕೊಂಡ ಕೊಂಕಣದ ಕ್ರೈಸ್ತರ ದೊಡ್ಡ ಪಟ್ಟಣ ಇದಾಗಿತ್ತೆಂದು ದಾಖಲಿಸಿದ್ದಾನೆ. ಅರಸರೇ ಕರೆಸಿಕೊಂಡ, ಕೊಂಕಣಿ ನುಡಿಯ ಒಕ್ಕಲುಗಳು! ಜಪಮಾಲೆಯನ್ನೂ ಮನೆತನದ ಹೆಸರನ್ನೂ ಬಿಟ್ಟರೆ ಅವರನ್ನು ಫರಂಗಿಗಳೆನ್ನಲು ಬೇರೆ ಆಧಾರವಿರಲಿಲ್ಲ.

ಆ ಹೆಸರಿಗೆ 1784ರಲ್ಲಿ ಬೆಲೆ ತೆರಬೇಕಾಯಿತು. ಮಂಗಳೂರಿನ ಕೋಟೆಯನ್ನು ತಿಂಗಳುಗಟ್ಟಲೆ ಕಾದುಕೊಂಡಿದ್ದ ಕ್ಯಾಂಪ್‌ಬೆಲ್ಲನ ಇಂಗ್ಲಿಷ್ ಪಡೆ ಜನವರಿಯಲ್ಲಿ ಶರಣಾಯಿತು. ಕ್ರೈಸ್ತರು ಶತ್ರುವಿಗೆ ನೆರವಾದರೆಂಬುದು ಟಿಪ್ಪುವಿನ ಆರೋಪ. ಫೆಬ್ರವರಿಯ ಕೊನೆಯಲ್ಲಿ, ವಿಭೂತಿ ಬುಧವಾರದ ಆಸುಪಾಸಿನಲ್ಲಿ, ಊರೂರುಗಳಿಂದ ಕುಟುಂಬಗಳನ್ನು ಸೆರೆಹಿಡಿದು ಘಟ್ಟದ ಮೇಲೆ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಸೆರೆಯಾದವರ ಸಂಖ್ಯೆಯನ್ನು 30,000 ಎನ್ನುವವರೂ 60,000 ಎನ್ನುವವರೂ ಇದ್ದಾರೆ. ಪೇಟೆ ನಾಶವಾಯಿತು. ಉಳಿದದ್ದು ಮೋಂತೆ ಮರಿಯಾನೊ ಇಗರ್ಜಿ. ಗೋವೆಯ ಪಾದ್ರಿ ಮಿರಾಂದರಿಗೆ ಹೈದರನೊಡನೆ ಇದ್ದ ಸ್ನೇಹವೇ ಅದನ್ನು ಉಳಿಸಿತೆಂದು ಪರಂಪರೆ ನೆನೆಯುತ್ತದೆ.

ಈ ಸ್ನೇಹದ ನೆನಪನ್ನು ನಾವು ಅಡಿಟಿಪ್ಪಣಿಗೆ ತಳ್ಳಬಾರದು. ಸೆರೆಯನ್ನು ಕೇವಲ ಮತದ್ವೇಷದ ಕಥೆಯಾಗಿಸಿ ಇಂದಿನ ಜಗಳಗಳಿಗೆ ಆಯುಧವಾಗಿ ಕೊಡುವವರು ಅದನ್ನು ಮರೆಯುತ್ತಾರೆ; 1791ರಲ್ಲಿ ಮರಾಠಾ ಪಡೆ ಶೃಂಗೇರಿಯನ್ನು ಲೂಟಿಮಾಡಿದಾಗ ಮಠಕ್ಕೆ ನೆರವಾದವನೂ ಇದೇ ಟಿಪ್ಪು ಎಂಬುದನ್ನೂ ಮರೆಯುತ್ತಾರೆ. ಅದು ಬರಿಯ ಯುದ್ಧನೀತಿ ಎಂದು ಕೈತೊಳೆದುಕೊಳ್ಳುವವರು ಘಟ್ಟದ ಹಾದಿಯಲ್ಲಿ ಸತ್ತ ಶಿಶುಗಳ ಲೆಕ್ಕ ಕೊಡಲಾರರು. ಒಬ್ಬಿಬ್ಬರ ತಪ್ಪಿಗೆ ಇಡೀ ಸಮುದಾಯವನ್ನು ಹೊಣೆಯಾಗಿಸುವುದು ಯಾವ ರಾಜನೀತಿಯಿಂದಲೂ ನ್ಯಾಯವೆನಿಸದು. (ನಮ್ಮ ಪ್ರಬೋಧನೆಗಳು ಶ್ರೀರಂಗಪಟ್ಟಣವನ್ನು ಬಾಬಿಲೋನಿಗೆ ಹೋಲಿಸುವುದುಂಟು, ಸೆರೆಯ ನಗರದ ಕ್ಷೇಮಕ್ಕೂ ಪ್ರಾರ್ಥಿಸಿರೆಂದ ಯೆರೆಮೀಯನ ಪತ್ರ ಮಾತ್ರ ಅಲ್ಲಿ ಅಪರೂಪ.)

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರು ಘಟ್ಟ ಇಳಿದು ಬಂದರು. ಕೆಲವರಿಗೆ ಹಳೆಯ ಭೂಮಿ ದಕ್ಕಿತು, ಕೆಲವರಿಗೆ ದಕ್ಕಲಿಲ್ಲ. ಮರಳಿದವರು ಹೊರಗಿನವರಲ್ಲ, ಮನೆಗೆ ಬಂದವರು. ಪೇಟೆಗೆ ಮಾತ್ರ ಇಂದಿಗೂ ಅದೇ ಹೆಸರು.