ಮೂರು ಊರು, ಒಂದು ದಿನ (ನಮ್ ಸೀಮೆ ಸರಣಿ – ಭಾಗ 6)

ಬೆಂಗಳೂರಿಂದ ಕಸಿನ್ಸ್ ಬಂದ್ರೆ ಎಲ್ಲಿಗೆ ಕರ್ಕೊಂಡು ಹೋಗ್ತೀರಾ? ಮುಳ್ಳಯ್ಯನಗಿರಿ, ಬೇಲೂರು, ಹಳೇಬೀಡು. ಅಷ್ಟೇ ತಾನೇ? ಕಡೂರಲ್ಲಿ ಅವರು ಟ್ರೈನ್ ಇಳಿಯೋದೇ ಬಸ್ ಹತ್ತೋಕೆ. ತರೀಕೆರೆ ಅಂದ್ರೆ ಕೆಮ್ಮಣ್ಣುಗುಂಡಿಗೆ ತಿರುಗೋ ಜಾಗ. ಅಜ್ಜಂಪುರ ಅಂದ್ರೆ ರೈಲಿನ ಕಿಟಕಿಯಲ್ಲಿ ಕಂಡು ಮಾಯವಾಗೋ ಬೋರ್ಡು. ಬೇಲೂರು ಚೆನ್ನಾಗಿಲ್ಲ ಅಂತ ನಾನು ಹೇಳ್ತಿಲ್ಲ ಮಾರಾಯ್ರೆ. ಆದ್ರೆ ನಮ್ಮ ಮೂರು ಊರು ಸುತ್ತಿದ್ರೆ ಬೇರೆ ಥರದ ಚರಿತ್ರೆ ಸಿಗುತ್ತೆ. ರಾಜರಿಗಿಂತ ಹೆಚ್ಚಾಗಿ ಬೇರೆಯವರ ಚರಿತ್ರೆ: ಒಬ್ಬ ಹೆಂಗಸು, ಒಂದು ಎತ್ತಿನ ತಳಿ, ಒಬ್ಬ ಕವಿ, ಒಬ್ಬ ಶಿಲ್ಪಿ. ಫೋಟೋ ಸ್ವೈಪ್ ಮಾಡ್ತಾ ಓದಿ.

ಮೊದಲು ಕಡೂರು. 1947ರ ವರೆಗೆ ನಮ್ಮ ಇಡೀ ಜಿಲ್ಲೆಯ ಹೆಸರು ಚಿಕ್ಕಮಗಳೂರು ಅಲ್ಲ, ಕಡೂರು ಜಿಲ್ಲೆ. ಕಚೇರಿಗಳು ಚಿಕ್ಕಮಗಳೂರಿಗೆ ಹೋಗಿ ದಶಕಗಳಾದ ಮೇಲೂ ಹೆಸರು ಮಾತ್ರ ಇಲ್ಲೇ ಉಳಿದಿತ್ತು. ಅದಕ್ಕೇ ಬಿ.ಎಲ್. ರೈಸ್ ಅವರು 1901ರಲ್ಲಿ ಹೊರತಂದ ನಮ್ಮ ಜಿಲ್ಲೆಯ ಶಾಸನ ಸಂಪುಟದ ಮೇಲೆ ಕಡೂರು ಜಿಲ್ಲೆ ಅಂತಲೇ ಇದೆ. ಲೈಬ್ರರಿಯಲ್ಲಿ ಚಿಕ್ಕಮಗಳೂರು ಅಂತ ಹುಡುಕಿದ್ರೆ ಸಿಗಲ್ಲ.

ಕಡೂರಿನ ಶಾಸನಗಳಲ್ಲಿ ನನಗೆ ಮರೆಯೋಕಾಗದ್ದು 971ನೇ ಇಸವಿಯದು. ಪಾಂಬಬ್ಬೆ ಅನ್ನೋ ಹೆಣ್ಣುಮಗಳ ಬಗ್ಗೆ. ಗಂಗ ದೊರೆ ಬೂತುಗನ ಅಕ್ಕ ಈಕೆ. ಅರಮನೆಯವಳು. ಎಲ್ಲ ಬಿಟ್ಟು, ತಲೆಕೂದಲು ಕಿತ್ತುಕೊಂಡು, 30 ವರ್ಷ ಜೈನ ತಪಸ್ಸು ಮಾಡಿ, ವ್ರತದಲ್ಲೇ ಪ್ರಾಣ ಬಿಟ್ಟಳು. ನಮಗೆ ಮೂವತ್ತು ದಿನ ಫೋನ್ ಬಿಡೋಕಾಗಲ್ಲ, ಇರಲಿ. ನನಗೆ ಹಿಡಿಸಿದ್ದು ಏನಂದ್ರೆ, ಆ ಕಾಲದ ಎಷ್ಟೋ ಕಲ್ಲುಗಳಲ್ಲಿ ಹೆಂಗಸರು ಬರೋದು ಇಂಥವನ ಹೆಂಡತಿ, ಇಂಥವನ ತಾಯಿ ಅಂತ. ಈಕೆಯ ಪರಿಚಯದಲ್ಲೂ ತಮ್ಮನ ಹೆಸರು ಬರುತ್ತೆ, ನಿಜ. ಆದ್ರೆ ಕಲ್ಲು ನಿಂತಿರೋದು ಈಕೆ ತಾನಾಗಿ ಮಾಡಿದ ಕೆಲಸಕ್ಕೆ.

ಬೀರೂರು ದಾಟಿ ಅಜ್ಜಂಪುರಕ್ಕೆ ಬನ್ನಿ. ಇಲ್ಲಿ ನೋಡಬೇಕಾದ ಸ್ಮಾರಕಕ್ಕೆ ನಾಲ್ಕು ಕಾಲು, ಉದ್ದ ಕೊಂಬು. ಅಮೃತ್ ಮಹಲ್ ತಳಿ. ಸರ್ಕಾರದ ತಳಿ ಸಂವರ್ಧನಾ ಕೇಂದ್ರ ಇರೋದು ಇಲ್ಲೇ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಇದಕ್ಕೆ 'ಬೆಣ್ಣೆ ಚಾವಡಿ' ಅಂತ ಹೆಸರು, ಅಂದ್ರೆ ಅರಮನೆಗೆ ಹಾಲು ಬೆಣ್ಣೆ ಒದಗಿಸೋ ಇಲಾಖೆ. ಹೈದರಾಲಿ ಇದೇ ದನಗಳನ್ನ ಯುದ್ಧಕ್ಕೆ ಹಚ್ಚಿದ. ಫಿರಂಗಿ ಎಳೆಯೋಕೆ, ಸಾಮಾನು ಸಾಗಿಸೋಕೆ. ಚಿದಂಬರಂ ಕಡೆಗೆ ಎರಡೂವರೆ ದಿನದಲ್ಲಿ 100 ಮೈಲಿ ಸೇನೆ ನಡೆಸಿದ್ದು ಈ ಎತ್ತುಗಳ ಬಲದಿಂದ ಅಂತ ದಾಖಲೆ ಇದೆ. 'ಅಮೃತ್ ಮಹಲ್' ಅಂತ ಹೆಸರು ಬದಲಾಯಿಸಿದ್ದು ಟಿಪ್ಪು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಖಜಾನೆ ಜೊತೆಗೆ ಈ ದನಗಳನ್ನೂ ತಗೊಂಡ್ರು.

ಈಗ ಬಿಕಾಂನವರು ಸ್ವಲ್ಪ ಗಮನ ಕೊಡಿ. 1860ರಲ್ಲಿ ಖರ್ಚು ಉಳಿಸೋಕೆ ಅಂತ ಈ ಇಲಾಖೆಯನ್ನೇ ಮುಚ್ಚಿ ದನಗಳನ್ನ ಮಾರಿಬಿಟ್ರು. ಸೇನೆಗೆ ಬೇಕಾದಂಥ ಎತ್ತು ಸಿಗದೆ ಪರದಾಡಿ, 1866ರ ಹೊತ್ತಿಗೆ ಮತ್ತೆ ಹಿಂಡು ಕಟ್ಟಿದ್ರು. ಪುಸ್ತಕದಲ್ಲಿ ಖರ್ಚು ಕಡಿಮೆ ತೋರಿಸೋದು ಸುಲಭ. ಕಳೆದುಹೋದ ತಳಿಯ ಬೆಲೆಯನ್ನ ಯಾವ ಕಾಲಂನಲ್ಲಿ ಬರೀತೀರಾ? ಇದು ಹಳೇ ಕಥೆಯೂ ಅಲ್ಲ. ಈ ದನಗಳು ಮೇಯ್ತಿದ್ದ ಕಾವಲುಗಳು ಒಂದೊಂದಾಗಿ ಕರಗ್ತಾ ಬಂದಿವೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಡೆ ದೊಡ್ಡ ಕಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯ್ತು. ನಮ್ಮ ಕಡೆ ಹೋರಿಕರು ಹರಾಜು ಇದ್ದಾಗ ದೂರದ ಜಿಲ್ಲೆಗಳ ರೈತರು ಬಂದು ಪೈಪೋಟಿ ಮೇಲೆ ಕೂಗ್ತಾರೆ. ನಾವು ಪಕ್ಕದಲ್ಲೇ ಇದ್ದು ಒಂದು ಸಲವೂ ಹೋಗಿ ನೋಡಲ್ಲ.

ತರೀಕೆರೆಯಲ್ಲಿ ಜಾಸ್ತಿ ಹೊತ್ತು ನಿಲ್ಲಲ್ಲ. ಪಾಳೇಗಾರರ ಊರು. 1830ರಲ್ಲಿ ನಗರ ದಂಗೆ ಎದ್ದಾಗ ತರೀಕೆರೆ ಪಾಳೇಗಾರ ರಂಗಪ್ಪ ನಾಯಕ ರೈತರ ಜೊತೆ ಸೇರಿದ. ಕಾರಣ ಕಂದಾಯ. ಇಷ್ಟು ವಸೂಲಿ ಮಾಡಿಕೊಡ್ತೀನಿ ಅಂತ ಅಮಲ್ದಾರರಿಂದ ಮೊದಲೇ ಒಪ್ಪಂದ ಬರೆಸಿಕೊಳ್ಳೋ ಶರತ್ತು ಪದ್ಧತಿ ಇತ್ತು. ಆ ಮೊತ್ತ ತುಂಬೋಕೆ ಅವರು ರೈತರನ್ನ ಹಿಂಡಿದ್ರು. ದಂಗೆಯ ನೆಪದಲ್ಲಿ 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ಕೈಗೆ ತಗೊಂಡ್ರು, ವಾಪಸ್ ಕೊಟ್ಟಿದ್ದು 1881ರಲ್ಲಿ. ಟಾರ್ಗೆಟ್ ಮೇಲೆ ಕೆಲಸ ಮಾಡಿಸೋದು ಈಗಿನ ಕಂಪನಿಗಳು ಕಂಡುಹಿಡಿದದ್ದಲ್ಲ ಅಂತ ಗೊತ್ತಾಯ್ತಲ್ಲ.

ಉಳಿದ ಸಮಯ ಪೂರ್ತಿ ಅಮೃತಾಪುರಕ್ಕೆ ಇಟ್ಟುಕೊಳ್ಳಿ. ತರೀಕೆರೆಯಿಂದ ಹತ್ತು ಕಿಲೋಮೀಟರ್ ಆಸುಪಾಸು. ಅಡಿಕೆ, ತೆಂಗಿನ ತೋಟಗಳ ನಡುವೆ ಅಮೃತೇಶ್ವರ ದೇವಸ್ಥಾನ. 1196ರಲ್ಲಿ ಎರಡನೇ ವೀರಬಲ್ಲಾಳನ ಕಾಲದಲ್ಲಿ ಅವನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ್ದು. ಬೇಲೂರು ಇದಕ್ಕಿಂತ ಸುಮಾರು 80 ವರ್ಷ ಹಳೇದು.

ಒಳಗೆ ನುಗ್ಗೋಕೆ ಮುಂಚೆ ತೆರೆದ ಮಂಟಪದ ಸುತ್ತ ಇರೋ ಕಿರುಗೋಡೆ ನೋಡಿ (ಫೋಟೋ 5, 6). ಹೊರಮೈಯಲ್ಲಿ 140 ಚಿಕ್ಕ ಚಿಕ್ಕ ಫಲಕಗಳಿವೆ. ದಕ್ಷಿಣದ ಕಡೆ 70 ಫಲಕ, ಪೂರ್ತಿ ರಾಮಾಯಣ. ಉತ್ತರದ ಕಡೆ 25ರಲ್ಲಿ ಕೃಷ್ಣನ ಕಥೆ, 45ರಲ್ಲಿ ಮಹಾಭಾರತ. ಒಂದು ತಮಾಷೆ ಇದೆ. ರಾಮಾಯಣ ಇಲ್ಲಿ ಅಪ್ರದಕ್ಷಿಣವಾಗಿ ಸಾಗುತ್ತೆ, ಹೊಯ್ಸಳ ಗುಡಿಗಳಲ್ಲಿ ಇದು ಅಪರೂಪ. ನೀವು ಭಕ್ತಿಯಿಂದ ಪ್ರದಕ್ಷಿಣೆ ಹಾಕ್ತಾ ನೋಡಿದ್ರೆ ಕಥೆ ಉಲ್ಟಾ ಓಡುತ್ತೆ. ಒಂದು ಸುತ್ತು ದೇವರಿಗೆ ಹಾಕಿ, ಆಮೇಲೆ ಕಥೆಗೆ ಅಂತ ವಾಪಸ್ ಬನ್ನಿ.

ಮುಖಮಂಟಪದ ಹತ್ತಿರ ದೊಡ್ಡ ಶಾಸನ ಇದೆ (ಫೋಟೋ 7). ಬಹಳ ಜನ ಅದಕ್ಕೆ ಒರಗಿ ಫೋಟೋ ತೆಗೆಸ್ಕೊಂಡು ಹೋಗ್ತಾರೆ. ಅದರ ಪದ್ಯ ಬರೆದವನು ಜನ್ನ. ಹೌದು, ಪಿಯುಸಿಯಲ್ಲಿ ಹೆಸರು ಕೇಳಿದ್ರಲ್ಲ, 'ಯಶೋಧರ ಚರಿತೆ' ಬರೆದ ಕವಿಚಕ್ರವರ್ತಿ ಜನ್ನ, ಅವನೇ. ಆ ಕಾವ್ಯ 1209ರದ್ದು, ಈ ಕಲ್ಲು ಅದಕ್ಕಿಂತ ಹತ್ತು ವರ್ಷಕ್ಕೂ ಹಿಂದಿನದು. ಜೈನ ಕವಿ, ಶಿವನ ಗುಡಿಗೆ ಶಾಸನ ಬರೆದುಕೊಟ್ಟಿದ್ದಾನೆ. ಯಾರೂ ಅವನ ಜಾತಿ ಕೇಳಿ ವಾಪಸ್ ಕಳಿಸಿದ ಹಾಗೆ ಕಾಣಲ್ಲ.

ಈಗ ತಲೆ ಎತ್ತಿ. ಮಂಟಪದ ಒಳಛಾವಣಿಯಲ್ಲಿ ಕಮಲ ಅರಳಿದ ಹಾಗೆ ಗುಮ್ಮಟಗಳು. ರೂವಾರಿ ಮಲ್ಲಿತಮ್ಮ ಅನ್ನೋ ಶಿಲ್ಪಿ ಕೆಲಸ ಶುರು ಮಾಡಿದ್ದು ಈ ಛಾವಣಿಗಳಲ್ಲೇ ಅಂತ ವಿದ್ವಾಂಸರು ಗುರುತಿಸಿದ್ದಾರೆ. ರೂವಾರಿ ಅಂದ್ರೆ ಶಿಲ್ಪಿ. ಇವನ ಹೆಸರು ಮುಂದೆ 1246ರ ನುಗ್ಗೇಹಳ್ಳಿಯಲ್ಲಿ ಸಿಗುತ್ತೆ, ಅಲ್ಲಿ ಉತ್ತರದ ಗೋಡೆ ಇವನದು, ದಕ್ಷಿಣದ್ದು ಬೈಚೋಜನದು. ಆಮೇಲೆ ಸೋಮನಾಥಪುರ. ಅಲ್ಲಂತೂ ಮೂರ್ತಿಗಳ ಕೆಳಗೆ ಮತ್ತೆ ಮತ್ತೆ ಇವನ ಸಹಿ. ಅಮೃತಾಪುರದಿಂದ ಸೋಮನಾಥಪುರಕ್ಕೆ 60 ವರ್ಷಕ್ಕೂ ಹೆಚ್ಚು ಅಂತರ. ಲೆಕ್ಕ ಹಾಕಿ: ಇಲ್ಲಿ ಛಾವಣಿ ಕೆತ್ತುವಾಗ ನಮ್ಮ ವಯಸ್ಸು, ಇಪ್ಪತ್ತು ಅಂತ ಇಟ್ಕೊಂಡ್ರೂ ಅಲ್ಲಿ ಉಳಿ ಹಿಡಿದಾಗ ಎಂಬತ್ತು ದಾಟಿರಬೇಕು. ಅದೇ ಹೆಸರಿನ ಇನ್ನೊಬ್ಬ ಇದ್ದನೇನೋ ಅಂತ ನನಗೆ ಒಂದು ಅನುಮಾನ. ಆದ್ರೂ ನಾನು ಒಬ್ಬನೇ ಅಂತಲೇ ನಂಬೋಕೆ ಇಷ್ಟಪಡ್ತೀನಿ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಮಲ್ಲಿತಮ್ಮನ ಕೊನೇ ಕಾಲದ ಕೆಲಸ ಪಟ್ಟಿಯಲ್ಲಿದೆ. ಮೊದಲ ಕೆಲಸ ಅಡಿಕೆ ತೋಟದ ನಡುವೆ ನಮಗೆ ಕಾಯ್ತಿದೆ.

ಹೊರಡೋ ಮುಂಚೆ ಅಂಗಳದ ಹಳೇ ಹೊರಗೋಡೆ ಕಡೆ ಹೋಗಿ (ಕೊನೇ ಫೋಟೋ). ಆ ಗೋಡೆಯುದ್ದಕ್ಕೂ ಸಮ ಅಂತರದಲ್ಲಿ ದುಂಡನೆ ಕೆತ್ತನೆಗಳಿದ್ವು, ಇಂಥ ಗೋಡೆ ಬೇರೆ ಹೊಯ್ಸಳ ಗುಡಿಗಳಲ್ಲಿ ಕಾಣಸಿಗಲ್ಲ. ಬಹುಪಾಲು ಈಗ ಇಲ್ಲ. ಉಳಿದಿರೋದರ ಮುಂದೆ ನಿಂತು ಸೆಲ್ಫಿ ತೆಗೀರಿ, ಬೇಡ ಅನ್ನಲ್ಲ. ಆಮೇಲೆ ಪಕ್ಕಕ್ಕೆ ಸರಿದು, ಬರೀ ಕೆತ್ತನೆಯದ್ದೂ ಒಂದೊಂದು ಫೋಟೋ ತೆಗೆದು ತಾರೀಕು ಹಾಕಿ ಇಟ್ಕೊಳ್ಳಿ.