ಕೃತಕ ಮೂಗು, ಅಂಗುಳು: ಅಂದಕ್ಕಷ್ಟೇ ಅಲ್ಲ

2021ರಲ್ಲಿ ಕೋವಿಡ್ ಬೆನ್ನಲ್ಲೇ ಹರಡಿದ ಕಪ್ಪು ಶಿಲೀಂಧ್ರ ರೋಗದಿಂದ ಭಾರತದಲ್ಲಿ ಅನೇಕರು ಕಣ್ಣು, ಮೇಲ್ದವಡೆ ಕಳೆದುಕೊಂಡರು. ಜೀವ ಉಳಿಸಲು ವೈದ್ಯರು ಸೋಂಕಿತ ಭಾಗವನ್ನೇ ತೆಗೆಯಬೇಕಾಯಿತು.

ಇಂಥವರಿಗೆ ಕೃತಕ ಅಂಗ ಕೂರಿಸುವುದು ಬರೀ ಅಂದಕ್ಕೆ ಎಂದು ನಾವು ತಿಳಿದಿರುತ್ತೇವೆ. ಅದು ತಪ್ಪು. ಅಂಗುಳಿನಲ್ಲಿ ತೂತಾದರೆ ಕುಡಿದ ನೀರು ಮೂಗಿಗೆ ಬರುತ್ತದೆ, ಮಾತು ಅಸ್ಪಷ್ಟವಾಗುತ್ತದೆ. ಹಲ್ಲಿನ ಸೆಟ್ಟಿನಂತಿರುವ ‘ಆಬ್ಚುರೇಟರ್’ ಆ ತೂತು ಮುಚ್ಚಿ ಉಣ್ಣಲು, ಮಾತಾಡಲು ನೆರವಾಗುತ್ತದೆ.

ಕೃತಕ ಮೂಗು, ಕಿವಿಗಳನ್ನು ಹೆಚ್ಚಾಗಿ ಚರ್ಮದ ಬಣ್ಣದ ಸಿಲಿಕೋನ್‌ನಿಂದ ಮಾಡುತ್ತಾರೆ. ವೈದ್ಯಕೀಯ ಅಂಟು, ಕನ್ನಡಕ ಅಥವಾ ಮೂಳೆಗೆ ಕೂರಿಸಿದ ಟೈಟಾನಿಯಂ ಇಂಪ್ಲಾಂಟ್ ಅವುಗಳನ್ನು ಹಿಡಿದಿಡುತ್ತದೆ. ರಾತ್ರಿ ಬಿಚ್ಚಿ ತೊಳೆದಿಡಬೇಕು. ಬಣ್ಣ ಮಾಸುವುದರಿಂದ ಕೆಲ ವರ್ಷಗಳಿಗೊಮ್ಮೆ ಹೊಸದು ಬೇಕು. ಬಿಚ್ಚಲು ಬರುವುದೇ ಒಂದು ಅನುಕೂಲ: ರೋಗ ಮರುಕಳಿಸಿದರೆ ಬೇಗ ಕಣ್ಣಿಗೆ ಬೀಳುತ್ತದೆ.

ದಂತ ವೈದ್ಯಕೀಯ ಕಾಲೇಜುಗಳ ಪ್ರಾಸ್ತೊಡಾಂಟಿಕ್ಸ್ ವಿಭಾಗದಲ್ಲಿ ವಿಚಾರಿಸಬಹುದು.